ಮೊರದ ಬೆಳಕಿನಲ್ಲಿ ವನಜತ್ತೆ

ರಾಜಾಜಿನಗರದ ನಮ್ಮ ಬಾಡಿಗೆ ಮನೆಯಲ್ಲಿ ಮೂರೇ ಕೋಣೆ, ಒಂದರ ಬೆನ್ನಿಗೆ ಒಂದು: ಮುಂದೆ ಹಾಲ್, ನಡುವೆ ಮಲಗುವ ಕೋಣೆ, ಹಿಂದೆ ಅಡುಗೆಮನೆ. ಮುಂಬಾಗಿಲಲ್ಲಿ ನಿಂತು ಅಪ್ಪ ಕೂಗಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೆ ಕೇಳಿಸುತ್ತಿತ್ತು. ಹಿತ್ತಲಿಂದ ಅಮ್ಮ ಕೂಗಿದರೆ ಮಾತ್ರ ಅಪ್ಪನಿಗೆ ಯಾಕೋ ಕೇಳಿಸುತ್ತಿರಲಿಲ್ಲ. ಎರಡು ಪಕ್ಕಕ್ಕೂ ಬೇರೆಯವರ ಗೋಡೆ ಅಂಟಿಕೊಂಡಿದ್ದರಿಂದ ಕಿಟಕಿಗೆ ಎಡೆಯಿಲ್ಲ. ಹಾಲ್‌ಗೆ ಬೀದಿಯ ಕಡೆ ಒಂದು ಕಿಟಕಿಯೇನೋ ಇತ್ತು, ಅದಕ್ಕೆ ಅಡ್ಡಲಾಗಿ ಅಪ್ಪನ ಸೈಕಲ್ ನಿಂತಿರುತ್ತಿತ್ತು. ಹೀಗಾಗಿ ಅಕ್ಕಿ ಆರಿಸಬೇಕಾದರೆ ಅಮ್ಮ ಮೊರ ಹಿಡಿದುಕೊಂಡು ಬೆಳಕು ಹುಡುಕುತ್ತ ಮನೆಯೆಲ್ಲ ಸುತ್ತುತ್ತಿದ್ದಳು. ಬೆಳಿಗ್ಗೆ ಹಿತ್ತಲ ಬಾಗಿಲು, ಮಧ್ಯಾಹ್ನ ಬೀದಿಯ ಮೆಟ್ಟಿಲು. ಬೆಳಕೆಂದರೆ ತಾನಾಗಿ ಸಿಗುವ ವಸ್ತುವಲ್ಲ, ಸೀಮೆಎಣ್ಣೆಯ ಹಾಗೆ ಕಾದು ಹುಡುಕಿ ತರಬೇಕಾದದ್ದು ಎಂದೇ ನಾನು ತಿಳಿದಿದ್ದೆ. ಮುಂದೆ ಫೋಟೋ ಸಾಮಾನಿನ ಅಂಗಡಿ ಇಟ್ಟು ನನ್ನ ಕಾಲ ಮೇಲೆ ನಾನು ನಿಂತೆ. ಬೆಳಕಿನ ಬಗ್ಗೆಯಾಗಲಿ ಚೌಕಾಸಿಯ ಬಗ್ಗೆಯಾಗಲಿ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಆ ಹಾಲ್‌ನಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗಿನ ಒಂದೇ ಆಷಾಢದಲ್ಲಿ ಕಲಿತದ್ದು.

ಮನೆಯಲ್ಲಿ ನಾವು ಐದು ಜನ. ಅಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್; ಒಮ್ಮೆ ಬಿಚ್ಚಿ ಜೋಡಿಸುವ ತನಕ ಯಾವ ವಸ್ತುವನ್ನೂ ತನ್ನದೆಂದು ಒಪ್ಪದ ಮನುಷ್ಯ. ಅಮ್ಮ. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ. ಅಪ್ಪನ ತಂಗಿ ವನಜತ್ತೆ, ಕುರುಬರಹಳ್ಳಿಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು. ಮತ್ತೆ ನಾನು, ಲಲಿತ, ಎಲ್ಲರ ಬಾಯಲ್ಲೂ ಲಲ್ಲಿ. ಆ ವರ್ಷ ಆರನೆಯದಾಗಿ ಒಂದು ಕ್ಯಾಮೆರಾ ಬಂತು. ಅಪ್ಪನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಊರು ಬಿಡುವಾಗ ಅಗ್ಗಕ್ಕೆ ಕೊಟ್ಟುಹೋದದ್ದು. ಎದೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕಾದ, ಎರಡು ಕಣ್ಣಿನ ಕರಿ ಪೆಟ್ಟಿಗೆ. ಅದರ ಪಕ್ಕಕ್ಕೆ ಒಂದು ಕಬ್ಬಿಣದ ಪಟ್ಟಿಯ ಮೇಲೆ ಫ್ಲಾಶ್ ಕೂತಿತ್ತು. ಗುಂಡಿ ಒತ್ತಿದರೆ ಅದು ಸೊಳ್ಳೆಯ ಹಾಗೆ ‘ಕೀ’ ಎಂದು ಶುರುಮಾಡಿ, ಸಣ್ಣಗಾಗುತ್ತ ಹೋಗಿ, ಕೊನೆಗೆ ಒಂದು ಕೆಂಪು ದೀಪ ಹತ್ತುತ್ತಿತ್ತು. ಆ ದೀಪ ಹತ್ತುವ ತನಕ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಕೆಮ್ಮಿದರೆ ಫ್ಲಾಶಿಗೆ ಏನಾಗುತ್ತದೆಂದು ಅಪ್ಪ ಹೇಳಲಿಲ್ಲ, ನಾವೂ ಕೇಳಲಿಲ್ಲ.

ವನಜತ್ತೆಗೆ ದಪ್ಪ ಗಾಜಿನ ಕನ್ನಡಕ. ಅದಿಲ್ಲದಿದ್ದರೆ ಎದುರಿಗೆ ಬರುತ್ತಿರುವುದು ಬಸ್ಸೋ ಎಮ್ಮೆಯೋ ಅವಳಿಗೆ ತಿಳಿಯದು. ಅವಳ ಮದುವೆಯ ಮಾತು ಶುರುವಾದಾಗ ಅಜ್ಜಿ ಅವಳನ್ನು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು. ಗಾಜಿನಲ್ಲಿ ದೀಪ ಹೊಳೆಯುತ್ತದೆ, ಕನ್ನಡಕ ತೆಗೆದಿಡಿ ಎಂದರು ಅಲ್ಲಿಯವರು. ಅಜ್ಜಿಗೂ ಅದೇ ಬೇಕಿತ್ತು. ಆ ಫೋಟೋದಲ್ಲಿ ವನಜತ್ತೆ ಚೆಲುವೆಯೇ, ಆದರೆ ಎಲ್ಲಿ ನೋಡುತ್ತಿದ್ದಾಳೆ ಎಂಬುದು ದೇವರಿಗೇ ಗೊತ್ತು. ಜಾತಕದ ಜೊತೆ ಅದು ಮಂಡ್ಯದ ಕಡೆಗೆ ಹೋಗಿ, ಅಲ್ಲಿಂದ ಗಂಡಿನವರು ಬಂದರು. ಬಜ್ಜಿ, ಕೇಸರಿಬಾತು ತಿಂದರು. ವನಜತ್ತೆ ಕನ್ನಡಕ ಹಾಕಿಕೊಂಡೇ ಕಾಫಿ ತಂದಳು; ಇಲ್ಲದಿದ್ದರೆ ಕಾಫಿ ಅವರ ಪಂಚೆಯ ಮೇಲಿರುತ್ತಿತ್ತು. ಹುಡುಗನ ತಂದೆ ಲೋಟ ಕೆಳಗಿಟ್ಟು, ನಗುನಗುತ್ತಲೇ ಅಪ್ಪನನ್ನು ಕೇಳಿದರು:

“ಫೋಟೋದಲ್ಲಿರೋ ಹುಡುಗಿ ಇವರ ತಂಗೀನಾ ಸ್ವಾಮಿ?”

ಅವರು ಹೋದ ಮೇಲೆ ವನಜತ್ತೆ ಅಳಲಿಲ್ಲ. ತಟ್ಟೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ತರಗತಿಗೆ ಬಂದವಳ ಹಾಗೆ ಹಾಲ್‌ನ ನಡುವೆ ನಿಂತಳು.

“ಇನ್ಮೇಲೆ ಕನ್ನಡಕ ಇಲ್ದಿರೋ ಫೋಟೋ ಈ ಮನೆಯಿಂದ ಆಚೆ ಹೋಗ್ಕೂಡ್ದು. ನನ್ನ ಕನ್ನಡಕಾನೂ ಕಾಣ್ಬೇಕು, ಅದರೊಳಗೆ ನನ್ನ ಕಣ್ಣೂ ಕಾಣ್ಬೇಕು. ಅದನ್ನ ನೋಡಿ ಬರೋರು ಬರಲಿ.”

“ಹಾಗಾದ್ರೆ ಯಾರೂ ಬರಲ್ಲ ಬಿಡು,” ಎಂದಳು ಅಜ್ಜಿ.

“ಬರ್ದಿದ್ರೆ ಕಾಫಿಪುಡಿ ಉಳೀತು.”

ಅಪ್ಪ ಗಂಟಲು ಸರಿಮಾಡಿಕೊಂಡ. ಸ್ಟುಡಿಯೋದವರ ಕೈಲಾಗದಿದ್ದರೆ ತಾನೇ ತೆಗೆಯುತ್ತೇನೆ ಎಂದ. ಅಜ್ಜಿ ಮಗನನ್ನೂ ಮಗಳನ್ನೂ ಒಂದು ಸಲ ನೋಡಿ ಲೆಕ್ಕಾಚಾರ ಹಾಕಿದಳು. ಆಷಾಢ ಹಿಡಿಯುವುದರಲ್ಲಿತ್ತು, ಆ ತಿಂಗಳು ಮದುವೆಯ ಮಾತು ಯಾರೂ ಆಡುವುದಿಲ್ಲ. ಶ್ರಾವಣ ಬಂದ ಕೂಡಲೇ ನೆಂಟರೊಬ್ಬರು ತುಮಕೂರಿಗೆ ಹೋಗುವವರಿದ್ದರು, ಅಲ್ಲೊಂದು ಒಳ್ಳೆಯ ಮನೆತನವಿತ್ತು. ಅಜ್ಜಿ ಗಡುವು ಹಾಕಿದಳು: ಆಷಾಢದಲ್ಲಿ ನಾಲ್ಕು ಭಾನುವಾರ, ಅಷ್ಟರೊಳಗೆ ಕಣ್ಣು ಕಾಣುವ ಫೋಟೋ ಬಂದರೆ ಅದು ಹೋಗುತ್ತದೆ, ಬರದಿದ್ದರೆ ಸ್ಟುಡಿಯೋದ್ದೇ ಹೋಗುತ್ತದೆ, ವನಜ ಬಾಯಿ ಬಿಡುವ ಹಾಗಿಲ್ಲ. ವನಜತ್ತೆ ಒಪ್ಪಿದಳು. ನಿಮಗೂ ಹೇಳಿಟ್ಟಿರುತ್ತೇನೆ, ಯಾವ ವ್ಯವಹಾರದಲ್ಲೂ ಗಡುವು ಎದುರಿನವರು ಹಾಕುವ ಮೊದಲು ನೀವು ಹಾಕಿಬಿಡಿ. ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಈ ವಿದ್ಯೆ ಬರುತ್ತಿತ್ತು.

ಬಿಸಿಲಲ್ಲಿ ನಿಲ್ಲಿಸಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬೀದಿಗೆ ಕರೆತಂದು ಅದನ್ನೂ ನೋಡಿಯಾಗಿತ್ತು. ಆಷಾಢದ ಗಾಳಿಗೆ ಸೆರಗು ಬಾವುಟವಾಯಿತು, ಕನ್ನಡಕದ ಒಂದು ಗಾಜಿನಲ್ಲಿ ಮೋಡ, ಇನ್ನೊಂದರಲ್ಲಿ ಎದುರುಮನೆಯ ತೆಂಗಿನಮರ, ಸುತ್ತ ಸಲಹೆ ಕೊಡಲು ಇಡೀ ಬೀದಿ. “ಗಲ್ಲ ಎತ್ತಮ್ಮ,” “ಇಳಿಸಮ್ಮ” ಎಂದು ಸೌದೆ ಡಿಪೋದವರೂ ಹೇಳಿದ ಮೇಲೆ ವನಜತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇನ್ನು ಉಳಿದದ್ದು ಹಾಲ್, ಮತ್ತು ಅಪ್ಪನ ಫ್ಲಾಶ್.

ಮೊದಲ ಭಾನುವಾರ ಅಪ್ಪ ಫ್ಲಾಶನ್ನು ಇದ್ದ ಹಾಗೇ ನೇರವಾಗಿ ಹೊಡೆದ. ಆಗ ಫಿಲಂ ತೊಳೆಸುವುದೆಂದರೆ ಸೋಮವಾರ ಅಪ್ಪ ಸೈಕಲ್ ತುಳಿದು ಮೆಜೆಸ್ಟಿಕ್ ಕಡೆಗೆ ಹೋಗಿ ರೋಲ್ ಕೊಡಬೇಕು, ಗುರುವಾರ ಸಂಜೆ ಲಕೋಟೆ ತರಬೇಕು. ಆ ಗುರುವಾರ ನಾವೆಲ್ಲ ಬಲ್ಬಿನ ಕೆಳಗೆ ತಲೆಗೆ ತಲೆ ತಾಗಿಸಿ ನಿಂತೆವು. ಫೋಟೋದಲ್ಲಿ ವನಜತ್ತೆಯ ಮುಖ ಅಕ್ಕಿಹಿಟ್ಟು ಮೆತ್ತಿದಂತೆ ಬೆಳ್ಳಗಿತ್ತು. ಕಣ್ಣಿದ್ದ ಕಡೆ ಎರಡು ಬಿಳಿ ಬಿಲ್ಲೆ. ಹಿಂದಿನ ಗೋಡೆಯ ಮೇಲೆ ಅವಳಿಗಿಂತ ದಪ್ಪ ತಲೆಯ ಕಪ್ಪು ನೆರಳು.

“ವನಜ ಗೊತ್ತಾಯ್ತು,” ಎಂದಳು ಅಜ್ಜಿ, “ಹಿಂದೆ ನಿಂತಿರೋಳು ಯಾರು?”

ಅಮ್ಮನಿಗೆ ಬೇರೆಯೇ ಚಿಂತೆ. ಒಂದು ರೋಲಿಗೆ ಹನ್ನೆರಡು ಫೋಟೋ; ಒಬ್ಬಳದ್ದೇ ಹನ್ನೆರಡು ಮುಖ ತೆಗೆದು ಪ್ರತಿ ವಾರ ಎಸೆಯುವ ಮನೆಯೇ ಇದು ಎಂದು ಅವಳ ತಕರಾರು. ನ್ಯಾಯವಾದ ತಕರಾರೇ. ನನ್ನ ಬದುಕಿನ ಮೊದಲ ವ್ಯಾಪಾರಕ್ಕೆ ನಾನು ಹೊರಟದ್ದು ಆವಾಗಲೇ. ಪಕ್ಕದ ಮನೆಯಲ್ಲಿ ಶ್ರೀಕಂಠಯ್ಯನವರಿದ್ದರು, ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಅವರಿಗೆ ಏಳು ತಿಂಗಳ ಗಂಡುಮಗು, ಆ ಮಗುವಿನ ಮೇಲೆ ಲೋಕದಲ್ಲಿ ಯಾರಿಗೂ ಇರದಷ್ಟು ಹೆಮ್ಮೆ. ನಾನು ಅವರ ಬಾಗಿಲಲ್ಲಿ ನಿಂತು, ಪ್ರತಿ ಭಾನುವಾರ ಮಗುವಿನ ಎಂಟು ಫೋಟೋ ತೆಗೆದುಕೊಡುತ್ತೇವೆ, ರೋಲ್ ನೀವು ತರಬೇಕು, ಉಳಿದ ನಾಲ್ಕು ನಮಗೆ ಎಂದೆ.

“ನಿಮ್ಮಪ್ಪ ಕಳಿಸಿದ್ರಾ?”

“ಇಲ್ಲ ಅಂಕಲ್. ಅಪ್ಪಂಗೆ ಇನ್ನೂ ಗೊತ್ತಿಲ್ಲ. ನೀವು ಹೂಂ ಅಂದ್ರೆ ಹೇಳ್ತೀನಿ.”

“ಆರು ನಿಮಗೆ, ಆರು ನಮಗೆ ಅಂತ ಬೇಕಾದ್ರೂ ತಗೋಳೇ,” ಎಂದು ಅವರು ನಕ್ಕರು.

“ಬೇಡ ಅಂಕಲ್. ನಾಲ್ಕೇ ಸಾಕು. ಆದ್ರೆ ಮುಂದೆ ಏನಾದ್ರೂ ಸಾಮಾನು ಬೇಕಾದ್ರೆ ನಿಮ್ಮನೇಗೇ ಬರ್ತೀನಿ, ಆಗ ಇಲ್ಲ ಅನ್ಬಾರ್ದು.”

ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಉಪಯೋಗಕ್ಕೆ ಹೇಳುತ್ತಿದ್ದೇನೆ: ಎದುರಿನವರು ಧಾರಾಳವಾಗಿದ್ದಾಗ ಎಲ್ಲವನ್ನೂ ಬಾಚಿಕೊಳ್ಳಬೇಡಿ. ಸ್ವಲ್ಪ ಅವರ ಹತ್ತಿರವೇ ಬಿಟ್ಟಿರಿ, ಬೇಕಾದಾಗ ಹೋಗಿ ಕೇಳಬಹುದು.

ಎರಡನೆಯ ಭಾನುವಾರದ ಯೋಜನೆ ಬಟ್ಟೆಯದ್ದು. ಬೆಳಕು ಚುಚ್ಚುತ್ತಿದೆ, ಅದನ್ನು ಸೋಸಬೇಕು ಎಂದು ಅಪ್ಪ ತೀರ್ಮಾನಿಸಿದ. ತನ್ನ ಕರವಸ್ತ್ರ ತೆಳುವಾಯಿತೆಂದು ಅಡುಗೆಮನೆಗೆ ನುಗ್ಗಿ, ಇಡ್ಲಿ ತಟ್ಟೆಗೆ ಹಾಸುವ ಬಟ್ಟೆಯನ್ನು ಎತ್ತಿಕೊಂಡು ಬಂದು, ನಾಲ್ಕು ಮಡಿಕೆ ಮಾಡಿ ಫ್ಲಾಶಿನ ಮುಖಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ. ಅಮ್ಮ ಒಲೆಯ ಮುಂದೆ ಹಿಟ್ಟಿನ ಪಾತ್ರೆ ಇಟ್ಟುಕೊಂಡು ಕೂತೇ ಇದ್ದಳು.

“ರೀ, ಇಡ್ಲಿ ಬೇಯಿಸ್ಲೋ, ನಿಮ್ಮ ತಂಗೀನ ಬೇಯಿಸ್ಲೋ?”

“ಹತ್ತು ನಿಮಿಷ ತಾಳೇ.”

“ಆ ಬಟ್ಟೆ ವಾಪಸ್ ಬಂದ ಮೇಲೆ ಇಡ್ಲಿಲಿ ಬ್ಯಾಟರಿ ವಾಸನೆ ಬಂದ್ರೆ ನೀವೇ ತಿನ್ಬೇಕು.”

ಆ ಬೆಳಿಗ್ಗೆ ನಾವು ಹಿಟ್ಟನ್ನು ದೋಸೆ ಮಾಡಿ ತಿಂದೆವು, ಉದ್ದು ಕಡಿಮೆಯಾಗಿ ಕಾವಲಿಗೆ ಅಂಟಿಕೊಂಡ ದೋಸೆ, ಆದರೆ ಅಷ್ಟು ನಗುತ್ತ ತಿಂದ ದೋಸೆ ಇನ್ನೊಂದು ನೆನಪಿಲ್ಲ. ಗುರುವಾರದ ಲಕೋಟೆಯಲ್ಲಿ ವನಜತ್ತೆ ಹೊಗೆಯೊಳಗೆ ನಿಂತಂತಿದ್ದಳು. ನಾಲ್ಕು ಮಡಿಕೆ ಬಟ್ಟೆ ಬೆಳಕನ್ನು ಕುಡಿದುಬಿಟ್ಟಿತ್ತು. ಅದನ್ನು ಸರಿದೂಗಿಸಲು ಲೆನ್ಸಿನ ಬಾಯಿ ಅಗಲಿಸಿ ಹೆಚ್ಚು ಬೆಳಕು ಒಳಗೆ ಬಿಡಬೇಕೆಂದು ಅಪ್ಪನಿಗೆ ಹೊಳೆದಿರಲಿಲ್ಲ. ಕನ್ನಡಕದ ಬಿಲ್ಲೆಗಳು ಮಂಕಾಗಿದ್ದವು, ಆದರೆ ಇದ್ದಲ್ಲೇ ಇದ್ದವು. ಇಂದಿಗೂ ನನ್ನ ಅಂಗಡಿಗೆ ಬರುವ ಹುಡುಗರು ಫ್ಲಾಶಿನ ಮೂತಿಗೆ ಸಿಕ್ಕಿಸುವ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಕೇಳುತ್ತಾರೆ. ಕೇಳಿದರೆ ಮಾರುತ್ತೇನೆ, ವ್ಯಾಪಾರ ವ್ಯಾಪಾರವೇ. ಆದರೆ ಸಣ್ಣ ದೀಪದ ಮೇಲೆ ಅಷ್ಟೇ ಸಣ್ಣ ಮುಸುಕು ಹಾಕಿದರೆ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಮೆದುವಾಗುವುದಿಲ್ಲ, ಮೆದುವಾಗಬೇಕಾದರೆ ಅದು ಬರುವ ಜಾಗ ಅಗಲವಾಗಬೇಕು ಎಂದು ಹೇಳಿಯೇ ಮಾರುತ್ತೇನೆ.

ಮೂರನೆಯ ವಾರಕ್ಕೆ ಅಪ್ಪ ಫಿಟ್ಟರ್ ಬುದ್ಧಿ ಉಪಯೋಗಿಸಿದ. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಒಂದು ಹಿತ್ತಾಳೆಯ ಕೀಲು ಮಾಡಿಕೊಂಡು ಬಂದು ಫ್ಲಾಶಿನ ಬುಡಕ್ಕೆ ಜೋಡಿಸಿದ. ಈಗ ಅದು ಕತ್ತು ಎತ್ತಿ ಆಕಾಶ ನೋಡುತ್ತಿತ್ತು. ಬೆಳಕು ಸುಣ್ಣ ಹೊಡೆದ ಸೂರಿಗೆ ಬಡಿದು, ಅಲ್ಲಿಂದ ಹರಡಿ ಕೆಳಗಿಳಿಯಬೇಕು. ಲೆನ್ಸಿನ ಬಾಯಿಯನ್ನೂ ಈ ಸಲ ಅಗಲಿಸಿದ. ಗುರುವಾರ ಲಕೋಟೆ ತೆರೆದ ಕೂಡಲೇ ವನಜತ್ತೆ ಮಗುವಿನ ಹಾಗೆ ಕೂಗಿದಳು: “ಬಿಲ್ಲೆ ಹೋಯ್ತು!” ಹೌದು, ಕನ್ನಡಕ ತಿಳಿಯಾಗಿತ್ತು, ಗೋಡೆಯ ಮೇಲಿನ ದಪ್ಪ ತಲೆಯವಳೂ ಮನೆ ಬಿಟ್ಟು ಹೋಗಿದ್ದಳು. ಆದರೆ ಬೆಳಕೆಲ್ಲ ನೆತ್ತಿಯ ಮೇಲಿಂದಲೇ ಸುರಿದದ್ದರಿಂದ ಹುಬ್ಬಿನ ಕೆಳಗೆ ಎರಡು ಕತ್ತಲ ಗುಂಡಿ, ಮೂಗಿನ ಕೆಳಗೆ ತೆಳು ಮೀಸೆ.

“ಮೂರು ದಿನ ಜ್ವರ ಬಂದು ಎದ್ದೋಳ ಹಾಗಿದೆ,” ಎಂದಳು ಅಜ್ಜಿ. ಜಾತಕದ ಕಟ್ಟಿನಿಂದ ಸ್ಟುಡಿಯೋ ಫೋಟೋ ತೆಗೆದು, ಸೆರಗಿನಿಂದ ಒರೆಸಿ, ಎಲ್ಲರಿಗೂ ಕಾಣುವ ಹಾಗೆ ಮತ್ತೆ ಒಳಗಿಟ್ಟಳು. “ಇನ್ನೊಂದೇ ಭಾನುವಾರ ಕಣೇ ವನಜ.”

ಆ ರಾತ್ರಿ ವನಜತ್ತೆ ಬಲ್ಬಿನ ಕೆಳಗೆ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು, ಆದರೆ ಕೆಂಪು ಪೆನ್ಸಿಲ್ ತುಂಬ ಹೊತ್ತು ಒಂದೇ ಕಡೆ ನಿಂತಿತ್ತು. ನಾನು ಎದುರಿಗೆ ಚಾಪೆಯ ಮೇಲೆ ಮಲಗಿ ಅವಳನ್ನೇ ನೋಡುತ್ತಿದ್ದೆ. ಅವಳು ತಲೆಯೆತ್ತಿದಾಗ ಗಾಜಿನಲ್ಲಿ ಬಲ್ಬು ಕೂತಿರುತ್ತಿತ್ತು. ಗಲ್ಲ ಒಂದು ಬೆರಳಷ್ಟು ಇಳಿಸಿದರೆ ಬಲ್ಬು ಮೇಲಕ್ಕೆ ಜಾರಿ ಗಾಜಿನಿಂದಲೇ ಹೊರಟುಹೋಗುತ್ತಿತ್ತು. ಅವಳಿಂದ ಹತ್ತು ಸಲ ಗಲ್ಲ ಎತ್ತಿಸಿ ಇಳಿಸಿ ನೋಡಿದೆ. ಮಾರನೆಯ ಬೆಳಿಗ್ಗೆ ಇನ್ನೊಂದು ಕಂಡಿತು. ಅಮ್ಮ ಹಿತ್ತಲ ಬಾಗಿಲಲ್ಲಿ ಮೊರದ ತುಂಬ ಅಕ್ಕಿ ಹಾಕಿಕೊಂಡು ಆರಿಸುತ್ತಿದ್ದಳು, ಮೋಡದ ನಡುವೆ ಒಂದಿಷ್ಟು ಬಿಸಿಲು ಬಂದು ಆ ಅಕ್ಕಿಯ ಮೇಲೆ ಬಿತ್ತು. ಬಿಳಿ ಅಕ್ಕಿಯಿಂದ ಎದ್ದ ಬೆಳಕು ಅಮ್ಮನ ಮುಖಕ್ಕೆ ತಾಗಿ, ಕಣ್ಣಿನ ಕೆಳಗಿನ ಆಯಾಸವನ್ನೆಲ್ಲ ಒರೆಸಿಹಾಕಿದಂತಾಯಿತು. ಅಮ್ಮ ಅಷ್ಟು ಚೆಂದವಾಗಿದ್ದಾಳೆಂದು ನನಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ನಾನು ಓಡಿಹೋಗಿ ಶ್ರೀಕಂಠಯ್ಯನವರ ಬಾಗಿಲು ತಟ್ಟಿದೆ. ಅವರ ಹತ್ತಿರ ಬಿಟ್ಟಿದ್ದದ್ದನ್ನು ಕೇಳುವ ಹೊತ್ತು ಬಂದಿತ್ತು: ನಕ್ಷೆ ಬರೆಯುವ ದಪ್ಪ ಬಿಳಿ ಹಾಳೆ ಒಂದು.

ನಾಲ್ಕನೆಯ ಭಾನುವಾರ ಮೊರದ ಒಳಮೈಗೆ ಅಪ್ಪ ಮೈದಾ ಅಂಟಿನಲ್ಲಿ ಹಾಳೆ ಅಂಟಿಸಿದ. ಫ್ಲಾಶ್ ಸೂರು ನೋಡಬೇಕು. ನಾನು ಅಪ್ಪನ ಹಿಂದೆ ಸ್ಟೂಲಿನ ಮೇಲೆ ನಿಂತು, ಮೊರವನ್ನು ಫ್ಲಾಶಿನ ಬೆನ್ನಿಗೆ ಮುಂದಕ್ಕೆ ಬಾಗಿಸಿ ಹಿಡಿಯಬೇಕು. ಮೇಲೆ ಹೋಗುವ ಬೆಳಕಿನಲ್ಲಿ ಒಂದು ಪಾಲನ್ನು ಮೊರ ತಡೆದು ವನಜತ್ತೆಯ ಮುಖಕ್ಕೆ ಕಳಿಸಬೇಕು. ಎಲ್ಲ ಸಿದ್ಧವಾಯಿತು ಎನ್ನುವಾಗ ಅಜ್ಜಿ ಬಾಗಿಲಲ್ಲಿ ಬಂದು ನಿಂತಳು.

“ಮದುವೆ ಆಗ್ಬೇಕಾದ ಹುಡುಗಿ ಮುಂದೆ ಬರೀ ಮೊರ ಹಿಡೀತೀರೇನೋ? ಗೌರಿ ಹಬ್ಬದಲ್ಲಿ ಬಾಗಿನ ಕೊಡೋ ವಸ್ತು ಅದು. ಖಾಲಿ ಮೊರ ಹಿಡಿದು ಕೊಟ್ಟೋರುಂಟಾ?”

ಅಪ್ಪ ಬಾಯಿ ತೆರೆದ. ನಾನು ಅವನ ಭುಜ ಅದುಮಿದೆ. ವಾದ ಮಾಡಿದರೆ ಭಾನುವಾರ ಮುಗಿದುಹೋಗುತ್ತಿತ್ತು.

“ಅಜ್ಜಿ, ಖಾಲಿ ಇಲ್ದಿದ್ರೆ ಆಗುತ್ತಾ?”

ಅಜ್ಜಿ ಯೋಚಿಸಿದಳು. “ಅರಿಶಿನ ಕುಂಕುಮ ಹಚ್ಚಿ ಒಂದು ಹಿಡಿ ಅಕ್ಕಿ ಇದ್ರೆ ಆಗುತ್ತೆ.”

“ಹಾಗಾದ್ರೆ ನೀವೇ ಹಾಕಿ.”

ಅಜ್ಜಿ ಮೊರದ ಅಂಚಿಗೆ ಅರಿಶಿನ ಕುಂಕುಮ ಇಟ್ಟು, ಹಾಳೆಯ ಮೇಲ್ತುದಿ ಮಡಿಚಿದ್ದ ಸಂದಿಯಲ್ಲಿ ಹಿಡಿ ಅಕ್ಕಿ ತುಂಬಿದಳು. ಅವಳು ತಾನೇ ಕೈ ಹಾಕಿದ್ದರಿಂದ ಇನ್ನು ಆ ಫೋಟೋ ಅರ್ಧ ಅವಳದ್ದೂ ಆಯಿತು. ಇದು ನನಗೆ ಆಗ ತಿಳಿದು ಮಾಡಿದ್ದಲ್ಲ, ಆಮೇಲೆ ತಿಳಿದು ಬಹಳ ಸಲ ಮಾಡಿದ್ದೇನೆ. ಮೊದಲು ಶ್ರೀಕಂಠಯ್ಯನವರ ಮಗುವಿನ ಎಂಟು ಮುಗಿದವು. ವನಜತ್ತೆ ಕುರ್ಚಿಯಲ್ಲಿ ಕೂತು ಗಲ್ಲ ಬೆರಳಷ್ಟು ಇಳಿಸಿದಳು. ಅಪ್ಪ ಒಂದು ಹೊಡೆದ, ಎರಡು, ಮೂರು. ಮೂರರಲ್ಲೂ ಅವಳು ಇನ್ಸ್‌ಪೆಕ್ಟರ್ ಬಂದ ದಿನದ ಟೀಚರಿನ ಹಾಗೆ ಬಿಗಿದುಕೊಂಡಿದ್ದಳು. ಕೊನೆಯದಕ್ಕೆ ಫ್ಲಾಶ್ ‘ಕೀ’ ಎನ್ನತೊಡಗಿತು. ಬ್ಯಾಟರಿ ಸೋತು ಕೆಂಪು ದೀಪ ಹತ್ತಲು ಹೊತ್ತು ಹಿಡಿಯಿತು, ನನ್ನ ತೋಳು ನಡುಗತೊಡಗಿತು, ಮೊರ ಇನ್ನಷ್ಟು ಬಾಗಿತು. ಹಾಳೆಯ ಸಂದಿ ಬಾಯಿಬಿಟ್ಟು, ಕ್ಯಾಮೆರಾದೊಳಗೆ ಬಗ್ಗಿ ನೋಡುತ್ತಿದ್ದ ಅಪ್ಪನ ಬೋಳುತಲೆಯ ಮೇಲೆ ಅಕ್ಕಿಯೆಲ್ಲ ಸುರಿದು, ಪಟಪಟನೆ ಪುಟಿದು, ಅಂಗಿಯ ಕಾಲರಿನೊಳಗೆ ಇಳಿಯಿತು. ಅಪ್ಪ ಅಲುಗಲಿಲ್ಲ.

“ಅಯ್ಯೋ, ನನ್ನ ಕಣ್ಮುಂದೇನೇ ಇವರಿಗೆ ಇನ್ನೊಂದು ಮದುವೆ ಆಗೋಯ್ತಲ್ಲ!” ಎಂದಳು ಅಮ್ಮ.

ವನಜತ್ತೆ ನಕ್ಕುಬಿಟ್ಟಳು. ಕೆಂಪು ದೀಪ ಹತ್ತಿತು. ಅಪ್ಪ ಒತ್ತಿದ.

ಗುರುವಾರ ಅಪ್ಪ ಲಕೋಟೆಯನ್ನು ನೇರವಾಗಿ ಅಜ್ಜಿಯ ಕೈಗೆ ಕೊಟ್ಟ. ಬಿಗಿದುಕೊಂಡ ಮೂರನ್ನೂ ಅವಳು ಪಕ್ಕಕ್ಕಿಟ್ಟಳು. ನಾಲ್ಕನೆಯದನ್ನು ಬಲ್ಬಿಗೆ ಹಿಡಿದಳು, ಮತ್ತೆ ಬಾಗಿಲ ಬೆಳಕಿಗೆ ಹೋಗಿ ಹಿಡಿದಳು. ಅದರಲ್ಲಿ ವನಜತ್ತೆಯ ದಪ್ಪ ಫ್ರೇಮು ಇತ್ತು, ಗಾಜಿತ್ತು, ಗಾಜಿನೊಳಗೆ ಅಣ್ಣನನ್ನು ನೋಡಿ ನಗುತ್ತಿರುವ ಎರಡು ಕಣ್ಣು, ರೆಪ್ಪೆಗೂದಲ ಸಮೇತ.

“ಹಲ್ಲು ಕಾಣುತ್ತಲ್ಲೇ,” ಎಂದಳು ಅಜ್ಜಿ.

“ಹಲ್ಲೂ ನಂದೇ ಅಮ್ಮ,” ಎಂದಳು ವನಜತ್ತೆ.

ಅಜ್ಜಿ ಜಾತಕದ ಕಟ್ಟು ಬಿಚ್ಚಿದಳು. ಸ್ಟುಡಿಯೋ ಫೋಟೋ ತೆಗೆದು ಅಮ್ಮನ ಕೈಗೆ ಕೊಟ್ಟು, “ಇದನ್ನ ನನ್ನ ಟ್ರಂಕಿನ ಅಡೀಲಿಡು ಸುಶೀಲಾ,” ಎಂದಳು. ಹೊಸದನ್ನು ತಾನೇ ಒಳಗಿಟ್ಟು ಅರಿಶಿನದ ದಾರ ಸುತ್ತಿದಳು.

ಶ್ರಾವಣದ ಎರಡನೆಯ ವಾರ ತುಮಕೂರಿನವರು ಬಂದರು: ಹುಡುಗ, ಅವನ ತಾಯಿ, ಇಬ್ಬರೇ. ಬಜ್ಜಿ ಕೇಸರಿಬಾತು ಅದೇ, ಹಾಲ್ ಅದೇ. ವನಜತ್ತೆ ಕಾಫಿ ತಂದು ಎಲ್ಲರಿಗೂ ಕೊಟ್ಟು ಎದುರಿಗೆ ಕೂತಳು. ಆ ತಾಯಿ ಕೈಚೀಲದಿಂದ ಫೋಟೋ ತೆಗೆದರು. ಒಮ್ಮೆ ಫೋಟೋ ನೋಡಿದರು, ಒಮ್ಮೆ ವನಜತ್ತೆಯನ್ನು ನೋಡಿದರು. ನಡುಕೋಣೆಯ ಬಾಗಿಲಲ್ಲಿ ಅಜ್ಜಿ ನನ್ನ ಕೈಯನ್ನು ಮೂಳೆ ನೋಯುವಷ್ಟು ಹಿಡಿದುಕೊಂಡಿದ್ದಳು.

“ಫೋಟೋದಲ್ಲಿ ಹೇಗಿದೀಯೋ ಹಾಗೇ ಇದೀಯಲ್ಲಮ್ಮಾ!” ಎಂದರು ಆಕೆ.

“ಹಾಗೇ ಇರೋದಕ್ಕೆ ನಾಲ್ಕು ಭಾನುವಾರ ಹಿಡೀತು,” ಎಂದಳು ವನಜತ್ತೆ.

ಮೊದಲು ನಕ್ಕವನು ಗೋಡೆಯ ಪಕ್ಕದಲ್ಲಿ ಕೂತಿದ್ದ ಹುಡುಗ. ವನಜತ್ತೆ ಅವನ ಕಡೆ ತಿರುಗಿ ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡಳು. ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ, ಸಾವಕಾಶವಾಗಿ, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ ತಿರುವಿ ತಿರುವಿ ನೋಡಿದಳು.